ಜುಲೈಯಲ್ಲಿ ಸಿಲುಕಿದ ಡ್ರಾಯರ್, ಜನವರಿಯಲ್ಲಿ ಬಿರಿದ ಹಲಗೆ

ಓದುಗರ ಪ್ರಶ್ನೆ: ನಿವೃತ್ತಿಯ ನಂತರ ಕಾಪುವಿನ ನಮ್ಮ ಮನೆಯ ಹಿಂದಿನ ಸೌದೆ ಕೊಟ್ಟಿಗೆಯನ್ನೇ ಸರಿಮಾಡಿ ಸಣ್ಣ ಮರಗೆಲಸದ ಕೋಣೆ ಮಾಡಿಕೊಂಡಿದ್ದೇನೆ. ಸಮುದ್ರ ಒಂದು ಕಿಲೋಮೀಟರೂ ದೂರವಿಲ್ಲ. ಮೂರು ಉಳಿ, ಒಂದು ಕಬ್ಬಿಣದ ಕೀಸುಳಿ, ಎರಡು ಗರಗಸ, ಇಷ್ಟೇ ಸಾಮಾನು. ಕಳೆದ ವರ್ಷ ಫೆಬ್ರವರಿಯಲ್ಲಿ ಮೊಮ್ಮಗಳಿಗೆಂದು ಹಲಸಿನ ಹಲಗೆಯ ಬರೆಯುವ ಮೇಜು ಮಾಡಿದೆ. ಮೇಲ್ಹಲಗೆ 18 ಇಂಚು ಅಗಲ. ನಾಲ್ಕೂ ಬದಿಗೆ ಅಂಟು ಹಚ್ಚಿ ಸ್ಕ್ರೂ ಹಾಕಿದ್ದೆ, ಪಾಲಿಶ್ ಮೇಲ್ಭಾಗಕ್ಕೆ ಮಾತ್ರ. ಜುಲೈಯಲ್ಲಿ ಡ್ರಾಯರ್ ಸಿಲುಕಿತು, ಹಲಗೆಯ ಅಂಚು ಎದ್ದು ತಟ್ಟೆಯಂತಾಯಿತು. ಈ ಜನವರಿಯಲ್ಲಿ ಒಂದು ತುದಿಯ ಸ್ಕ್ರೂ ಪಕ್ಕದಿಂದ ಒಂದಡಿ ಉದ್ದ ಬಿರುಕು ಬಂತು. ಉಳಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೂ ತುಕ್ಕು. ಮಿಲ್ಲಿನವರು ಮೂರು ವರ್ಷ ಒಣಗಿದ ಮರ ಎಂದಿದ್ದರು. ಮರ ಹಸಿ ಇತ್ತು ಅನ್ನುತ್ತಾರೆ ನೆರೆಮನೆಯವರು, ಸಾಗುವಾನಿಯೇ ಬೇಕಿತ್ತು ಅನ್ನುತ್ತಾರೆ ಭಾವ, ಮೆಷಿನ್ ತೆಗೆದುಕೊಳ್ಳಿ ಅನ್ನುತ್ತಾನೆ ಮಗ. ಕರಾವಳಿಯಲ್ಲಿ ಈ ಹವ್ಯಾಸ ಹಿಡಿದದ್ದೇ ತಪ್ಪೇ? ಮಳೆಗಾಲದ ನಾಲ್ಕು ತಿಂಗಳು ಕೋಣೆಗೆ ಬೀಗ ಹಾಕಬೇಕೇ?

ಉತ್ತರ: ತಪ್ಪೇನೂ ಇಲ್ಲ, ಬೀಗವೂ ಬೇಡ. ನಿಮ್ಮ ಮೇಜನ್ನು ಉಳಿಸಬಹುದು, ಉಳಿಗಳನ್ನೂ ಉಳಿಸಬಹುದು. ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ಯಾವುದನ್ನು ಪಾಲಿಸಿದ್ದರೂ ಆ ಮೇಜು ಹೀಗೆಯೇ ಬಾಗಿ ಬಿರಿಯುತ್ತಿತ್ತು. ಆದ್ದರಿಂದ ಮೊದಲು ಮರದೊಳಗೆ ಏನು ನಡೆಯಿತು ಎಂದು ನೋಡೋಣ.

ಒಣಗಿದ ಮರ ಎಂದರೆ ನೀರಿಲ್ಲದ ಮರ ಎಂದು ಅರ್ಥವಲ್ಲ. ಮರ ತನ್ನ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಗಾಳಿಯ ತೇವ ಶೇ. 65ರ ಆಸುಪಾಸು ಇದ್ದರೆ ಮರದಲ್ಲಿ ಅದರ ಒಣತೂಕದ ಶೇ. 11–12ರಷ್ಟು ನೀರು ಇರುತ್ತದೆ. ಜುಲೈಯಲ್ಲಿ ಉಡುಪಿ, ಮಂಗಳೂರಿನ ಗಾಳಿ ವಾರಗಟ್ಟಲೆ ಶೇ. 85–90ರಲ್ಲೇ ನಿಲ್ಲುತ್ತದೆ. ಆಗ ಅದೇ ಮರ ಶೇ. 17–19ಕ್ಕೆ ಏರುತ್ತದೆ. ಮೂರು ವರ್ಷ ಒಣಗಿಸಿದರೂ, ಮುನ್ನೂರು ವರ್ಷದ ಹಳೆಯ ಮನೆಯ ತೊಲೆಯಾದರೂ ಇದು ತಪ್ಪುವುದಿಲ್ಲ. ನಿಮ್ಮ ಮಿಲ್ಲಿನವರು ಸುಳ್ಳು ಹೇಳಿರಲಿಕ್ಕಿಲ್ಲ. ಫೆಬ್ರವರಿಯಲ್ಲಿ ಆ ಹಲಗೆ ನಿಜಕ್ಕೂ ಒಣಗಿತ್ತು. ನಿಮ್ಮ ತೊಂದರೆ ಅಲ್ಲಿಂದಲೇ ಶುರುವಾದದ್ದು.

ನೀರು ಕುಡಿದ ಮರ ಉದ್ದಕ್ಕೆ ಬೆಳೆಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅದು ಹಿಗ್ಗುವುದು ಅಗಲಕ್ಕೆ. ಸಾಗುವಾನಿಯಂಥ ಶಾಂತ ಮರದ ಹಲಗೆ ಕೂಡ ತನ್ನೊಳಗಿನ ತೇವ ಶೇ. 1 ಏರಿದರೆ ಅಗಲದಲ್ಲಿ ಸುಮಾರು ಶೇ. 0.2ರಷ್ಟು ಹಿಗ್ಗುತ್ತದೆ. ಹಲಸಿಗೂ ಹೆಚ್ಚುಕಡಿಮೆ ಇದೇ ಲೆಕ್ಕ ಹಿಡಿಯಬಹುದು. ನಿಮ್ಮ ಹಲಗೆ 450 ಮಿ.ಮೀ. ಅಗಲ, ತೇವ ಏರಿದ್ದು ಶೇ. 6 ಎಂದುಕೊಂಡರೆ ಹಿಗ್ಗಬೇಕಾದದ್ದು ಸುಮಾರು 5 ಮಿ.ಮೀ. ಸಾಗುವಾನಿ ತಂದಿದ್ದರೂ ಅಷ್ಟೇ. ಮಾವಿನ ಮರವೋ ಅಕೇಶಿಯಾವೋ ಆಗಿದ್ದರೆ ಇನ್ನೂ ಹೆಚ್ಚೇ ಎಂದು ಎಣಿಸಿ ಕೆಲಸ ಮಾಡಿ.

ಆ ಐದು ಮಿಲಿಮೀಟರಿಗೆ ನಿಮ್ಮ ಮೇಜಿನಲ್ಲಿ ಜಾಗ ಇರಲಿಲ್ಲ. ನಾಲ್ಕೂ ಬದಿ ಅಂಟು, ಮೇಲೆ ಸ್ಕ್ರೂ. ಹಿಗ್ಗಲು ಹೊರಟ ಹಲಗೆಯನ್ನು ಸ್ಕ್ರೂ ಹಿಡಿದಿಟ್ಟಾಗ ಮರದ ನಾರುಗಳು ತಮ್ಮೊಳಗೇ ಜಜ್ಜಿಹೋಗುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಮಳೆ ಬಿಟ್ಟು ಒಣಗತೊಡಗಿದಾಗ ಈ ಜಜ್ಜಿದ ಹಲಗೆ ತನ್ನ ಫೆಬ್ರವರಿಯ ಅಳತೆಗೆ ಬಂದು ನಿಲ್ಲದೆ ಅದಕ್ಕಿಂತಲೂ ಕಿರಿದಾಗಲು ನೋಡುತ್ತದೆ. ಈಗ ಸ್ಕ್ರೂ ಅದನ್ನು ಕುಗ್ಗಲೂ ಬಿಡುವುದಿಲ್ಲ. ಎಳೆತ ತಾಳದೆ ಎಲ್ಲಿ ದುರ್ಬಲವೋ ಅಲ್ಲಿ, ಅಂದರೆ ತೂತು ಕೊರೆದ ಜಾಗದಲ್ಲಿ, ಸೀಳುತ್ತದೆ. ಜನವರಿಯಲ್ಲಿ ನಿಮಗೆ ಕಂಡ ಬಿರುಕು ಜುಲೈಯಲ್ಲೇ ಹುಟ್ಟಿದ್ದು. ವೃತ್ತಿಯಲ್ಲಿ ದುರಸ್ತಿಗೆ ಬರುವ ಬಿರಿದ ಮೇಜು, ಬಾಗಿಲ ಫಲಕಗಳಲ್ಲಿ ಬಹುಪಾಲಿಗೆ ಇದೇ ಕಾರಣ. ಆದರೂ ಮಾಲಕರು ಬಿಸಿಲನ್ನೇ ದೂರುತ್ತಾರೆ.

ತಟ್ಟೆಯಂತೆ ಬಾಗಿದ್ದಕ್ಕೆ ಕಾರಣ ಪಾಲಿಶ್. ಪಾಲಿಶ್ ತೇವವನ್ನು ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ಮೇಲ್ಭಾಗ ನಿಧಾನವಾಗಿ, ಬರಿಯ ತಳಭಾಗ ಬೇಗ ನೀರು ಹೀರಿದರೆ ತಳ ಮೊದಲು ಹಿಗ್ಗಿ ಅಂಚುಗಳನ್ನು ಮೇಲಕ್ಕೆ ಎತ್ತುತ್ತದೆ. ಕಣ್ಣಿಗೆ ಕಾಣದ ತಳಕ್ಕೂ ಮೇಲಿನಷ್ಟೇ ಕೈ ಪಾಲಿಶ್ ಕೊಡಬೇಕು. ಹಲಗೆಯ ಎರಡು ತುದಿಗಳಿಗೆ ಒಂದು ಕೈ ಹೆಚ್ಚೇ ಇರಲಿ, ಏಕೆಂದರೆ ಅಡ್ಡ ಕೊಯ್ದ ತುದಿ ಸ್ಟ್ರಾ ಕಟ್ಟಿನಂತೆ ನೀರು ಎಳೆಯುತ್ತದೆ.

ಈಗ ದುರಸ್ತಿ. ಮೊದಲು ಹಲಗೆಯನ್ನು ಚೌಕಟ್ಟಿನಿಂದ ಬಿಡಿಸಿ. ಸ್ಕ್ರೂ ತೆಗೆದು, ಅಂಟಿನ ಗೆರೆಯಲ್ಲಿ ತೆಳು ಹಲ್ಲಿನ ಗರಗಸ ಆಡಿಸಿದರೆ ಬರುತ್ತದೆ. ಸಾಮಾನ್ಯ ಬಿಳಿ ಅಂಟಾದರೆ ಬಿಸಿನೀರಿನ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ. ಬಿಡಿಸಿದ ಹಲಗೆಯನ್ನು ಗೋಡೆಗೆ ಒರಗಿಸಬೇಡಿ. ಒಂದಿಂಚು ದಪ್ಪದ ಮೂರು ರೀಪಿನ ತುಂಡುಗಳ ಮೇಲೆ ಮಲಗಿಸಿ, ಎರಡೂ ಬದಿಗೆ ಗಾಳಿಯಾಡಲಿ. ದೀಪಾವಳಿಯ ಹೊತ್ತಿಗೆ ಬಾಗು ಸಾಕಷ್ಟು ಇಳಿದಿರುತ್ತದೆ. ಬಾಗಿದ ಹಲಗೆಯನ್ನು ಮಳೆಗಾಲದಲ್ಲೇ ಕೀಸಿ ಸಪಾಟು ಮಾಡುವ ಆಸೆ ಬರುತ್ತದೆ. ಮಾಡಿದರೆ ಜನವರಿಯಲ್ಲಿ ಅದು ಆಚೆ ಬದಿಗೆ ಬಾಗುತ್ತದೆ, ದಪ್ಪವೂ ಹೋಯಿತು. ಬಿಸಿಲಿಗಿಟ್ಟು ಮೇಲೆ ಕಲ್ಲು ಹೇರುವುದೂ ಬೇಡ.

ಬಿರುಕಿಗೆ ದಾರಿ ಮೂರಿವೆ. ಮರದ ಪುಡಿ ಮತ್ತು ಅಂಟು ಕಲಸಿ ತುಂಬುವುದು ಎಲ್ಲರೂ ಮೊದಲು ಮಾಡುವ ಕೆಲಸ. ನಾನು ಬೇಡ ಎನ್ನುತ್ತೇನೆ. ಒಣ ತಿಂಗಳಲ್ಲಿ ತುಂಬಿದ ಪುಟ್ಟಿ ಮಳೆಗಾಲದಲ್ಲಿ ಬೆಣೆಯಂತೆ ಕೆಲಸ ಮಾಡಿ ಬಿರುಕನ್ನು ಇನ್ನೂ ಮುಂದೆ ಒಯ್ಯಬಲ್ಲದು. ಎರಡನೆಯದು, ಬಿರುಕನ್ನು ಹಾಗೆಯೇ ಬಿಟ್ಟು ಅದು ಬೆಳೆಯದಂತೆ ತಳದಿಂದ ಡಮರು ಆಕಾರದ ಕೀಲು ಕೂರಿಸುವುದು: 60 ಮಿ.ಮೀ. ಉದ್ದ, ನಡುವಿನಲ್ಲಿ 12 ಮಿ.ಮೀ., ಹಲಗೆಯ ಅರ್ಧ ದಪ್ಪದಷ್ಟು ಆಳ. ಕೀಲಿನ ನಾರು ಬಿರುಕಿಗೆ ಅಡ್ಡವಾಗಿರಬೇಕು. ಉದ್ದುದ್ದ ಇಟ್ಟರೆ ನಡುವಿನಲ್ಲೇ ಮುರಿಯುತ್ತದೆ. ಉಳಿಯ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಮೂರನೆಯದು, ಬಿರುಕಿನ ಗೆರೆಯಲ್ಲೇ ಹಲಗೆಯನ್ನು ಪೂರ್ತಿ ಕೊಯ್ದು, ಎರಡೂ ಅಂಚು ಕೀಸಿ ಮತ್ತೆ ಅಂಟಿಸುವುದು. ಅಗಲ ಆರೇಳು ಮಿಲಿಮೀಟರ್ ಕಡಿಮೆಯಾಗುತ್ತದೆ, ಆದರೆ ಜಜ್ಜಿದ ಹಳೆಯ ಎಳೆತ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಮೇಜಿಗೆ ನಾನು ಇದನ್ನೇ ಮಾಡುತ್ತಿದ್ದೆ. ಅಂಟಿಸಲು ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯದು. ಆಗ ಮರ ವರ್ಷದ ಎರಡು ತುದಿಗಳ ನಡುವಿನ ಮಟ್ಟದಲ್ಲಿರುತ್ತದೆ. ನೀರು ತಡೆಯುವ ದರ್ಜೆಯ ಮರದ ಅಂಟು ಬಳಸಿ, ಕ್ಲ್ಯಾಂಪನ್ನು 24 ಗಂಟೆಯವರೆಗೆ ಬಿಚ್ಚಬೇಡಿ.

ಮತ್ತೆ ಜೋಡಿಸುವಾಗ ಅಂಟು ಬೇಡವೇ ಬೇಡ. ಹಲಗೆಯ ನಾರು ಎತ್ತ ಹರಿದಿದೆಯೋ ಅದಕ್ಕೆ ಅಡ್ಡ ನಿಂತ ಎರಡು ಪಟ್ಟಿಗಳಲ್ಲಿ ನಡುವಿನ ಒಂದು ಸ್ಕ್ರೂ ಮಾತ್ರ ದುಂಡು ತೂತಿನಲ್ಲಿ ಬಿಗಿಯಾಗಿರಲಿ. ಅಂಚಿನ ಸ್ಕ್ರೂಗಳಿಗೆ ಪಟ್ಟಿಯಲ್ಲಿ ಉದ್ದನೆಯ ಕಂಡಿ ಮಾಡಿ: 4 ಮಿ.ಮೀ. ಸ್ಕ್ರೂ ಆದರೆ ಕಂಡಿ 5 ಮಿ.ಮೀ. ಅಗಲ, 10 ಮಿ.ಮೀ. ಉದ್ದ. ಪಕ್ಕಪಕ್ಕ ಎರಡು ತೂತು ಕೊರೆದು ನಡುವಿನದನ್ನು ಸಣ್ಣ ಅರದಿಂದ ಉಜ್ಜಿದರೆ ಕಂಡಿ ಆಯಿತು. ಸ್ಕ್ರೂ ತಲೆಯ ಕೆಳಗೆ ವಾಷರ್, ತೀರಾ ಬಿಗಿಯಬೇಡಿ. ನಡು ಕದಲುವುದಿಲ್ಲ, ಅಂಚು ಎರಡೂ ಕಡೆ ಎರಡೂವರೆ ಮಿಲಿಮೀಟರ್ ಹೋಗಿಬರುತ್ತದೆ. ಹಳೆಯ ಮನೆಗಳ ಬಾಗಿಲು ನೋಡಿ. ಚೌಕಟ್ಟಿನ ಒಳಬದಿಗೆ ಕೊರೆದ ಗಾಡಿಯಲ್ಲಿ ಫಲಕ ಸಡಿಲವಾಗಿ ಕೂತಿರುತ್ತದೆ, ಅಂಟಿಲ್ಲ, ಮೊಳೆಯಿಲ್ಲ. ನಮ್ಮ ಆಚಾರಿಗಳು ಲೆಕ್ಕ ಬರೆದಿಡಲಿಲ್ಲ, ಬಾಗಿಲಲ್ಲಿ ಮಾಡಿಟ್ಟರು.

ಡ್ರಾಯರಿನ ವಿಷಯದಲ್ಲಿ ಮಾತ್ರ ಜುಲೈ ನಿಮ್ಮ ಪಕ್ಷದಲ್ಲಿದೆ. ‘ಮಳೆಗಾಲದಲ್ಲಿ ಕೀಸಬೇಡಿ, ಆಮೇಲೆ ಸಡಿಲವಾಗುತ್ತದೆ’ ಎಂಬ ಮಾತು ಹಲಗೆಗೆ ಸರಿ, ಡ್ರಾಯರಿಗೆ ಅಲ್ಲ. ಮರ ವರ್ಷದಲ್ಲೇ ಅತಿ ದೊಡ್ಡದಾಗಿರುವಾಗ ಓಡುವ ಡ್ರಾಯರ್ ಉಳಿದೆಲ್ಲ ತಿಂಗಳೂ ಓಡುತ್ತದೆ. 120 ಮಿ.ಮೀ. ಎತ್ತರದ ಬದಿ ಸುಮಾರು ಒಂದೂವರೆ ಮಿಲಿಮೀಟರ್ ಏರಿರುತ್ತದೆ. ಹಿಗ್ಗುವುದು ಎತ್ತರಕ್ಕೆ ಎಂಬುದನ್ನು ಮರೆತು ಅನೇಕರು ಬದಿಗಳ ಹೊರಮೈ ಕೀಸಿ ಕೆಡಿಸುತ್ತಾರೆ. ಬದಿಯ ಮೇಲಂಚಿಗೆ ಸೀಮೆಸುಣ್ಣ ಹಚ್ಚಿ ಒಳಗೆ ತಳ್ಳಿ ತೆಗೆಯಿರಿ. ಸುಣ್ಣ ಅಳಿದಲ್ಲಿ ಮಾತ್ರ ಎರಡು ಮೂರು ತೆಳು ಸಿಪ್ಪೆ ತೆಗೆದು ಮತ್ತೆ ನೋಡಿ. ಓಡಲು ಶುರುವಾದ ಕ್ಷಣ ಕೀಸುವುದನ್ನು ನಿಲ್ಲಿಸಿ, ಅಲ್ಲಿಗೆ ಮೇಣದ ಬತ್ತಿ ಉಜ್ಜಿ. ಮುಂದೆ ಫೆಬ್ರವರಿಯಲ್ಲಿ ಮಾಡುವಾಗ ಎತ್ತರದಲ್ಲಿ 2 ಮಿ.ಮೀ. ಬಿಡಿ, ಜುಲೈಯಲ್ಲಿ ಮಾಡಿದರೆ ಅರ್ಧ ಮಿ.ಮೀ. ಸಾಕು. ತಳಕ್ಕೆ 4 ಅಥವಾ 6 ಮಿ.ಮೀ. ಪ್ಲೈವುಡ್ ಹಾಕಿದರೆ ಆ ಚಿಂತೆಯೇ ಇಲ್ಲ.

ಪ್ಲೈವುಡ್ ಹಿಗ್ಗದಿರುವುದಕ್ಕೆ ಅದರ ಪದರಗಳು ಒಂದಕ್ಕೊಂದು ಅಡ್ಡ ಇರುವುದೇ ಕಾರಣ. ಇಡೀ ಮೇಜನ್ನೇ ಅದರಲ್ಲಿ ಮಾಡಬಹುದು, ಕರಾವಳಿಗಾದರೆ ನೀರು ತಾಳುವ ಮರೀನ್ ದರ್ಜೆಯ, ಐಎಸ್ 710 ಗುರುತಿನದ್ದು ನೋಡಿ ಕೊಳ್ಳಿ. ಆದರೆ ಕೀಸುಳಿಗೆ ಕೆಲಸವಿಲ್ಲದ ಮರಗೆಲಸ ನಿಮಗೆ ಬೇಕೇ ಎಂದು ಯೋಚಿಸಿ.

ಮಗ ಹೇಳಿದ ಮೆಷಿನ್ ಬಗ್ಗೆ. ಮೆಷಿನ್ನಿನಲ್ಲಿ ಕೀಸಿದ ಹಲಗೆಯೂ ಅದೇ ಐದು ಮಿಲಿಮೀಟರ್ ಹಿಗ್ಗುತ್ತದೆ. ಕಬ್ಬಿಣದ ಮೇಜಿನ ದೊಡ್ಡ ಮೆಷಿನ್ನಿಗೆ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುವ ಜಾಗವೂ ದೊಡ್ಡದು. ವರ್ಷಕ್ಕೆ ಮೂರು ನಾಲ್ಕು ವಸ್ತು ಮಾಡುವವರಿಗೆ ಒಂದು ಡ್ರಿಲ್ ಸಾಕು. ಅಗಲ ಹಲಗೆಯನ್ನು ಸಾಮಿಲ್ಲಿನಲ್ಲೇ ದಪ್ಪಕ್ಕೆ ಕೀಸಿಸಿ ತನ್ನಿ, ಬೆನ್ನು ಉಳಿಯುತ್ತದೆ. ಉಳಿದದ್ದನ್ನು ಕೈಗೆ ಬಿಡಿ. ಹರಿತವಾದ ಕೀಸುಳಿ ಮರದ ಸುದ್ದಿಯನ್ನು ಕೈಗೆ ಹೇಳುತ್ತದೆ: ಮಾರ್ಚಿನ ಸಿಪ್ಪೆ ಚುರುಕಾಗಿ ಸುರುಳಿಯಾಗಿ ಮುಟ್ಟಿದರೆ ಮುರಿಯುತ್ತದೆ, ಜುಲೈಯದ್ದು ಮೆತ್ತಗೆ ಬಳ್ಳಿಯಂತೆ ಜೋಲುತ್ತದೆ. ಹಲಸಿನ ನಾರು ಪಟ್ಟಿಪಟ್ಟಿಯಾಗಿ ಎದುರುಬದುರು ಹರಿಯುವುದರಿಂದ ಒಂದು ಕಡೆ ನುಣ್ಣಗೆ ಹೋದ ಅಲಗು ಪಕ್ಕದಲ್ಲೇ ಮರ ಕಿತ್ತು ತರುತ್ತದೆ. ಆಗ ಅಲಗನ್ನು ಹಿಂದಕ್ಕೆ ತೆಗೆದು ಸಿಪ್ಪೆ ತೆಳುಮಾಡಿ, ಸ್ವಲ್ಪ ಓರೆಯಾಗಿ ತಳ್ಳಬೇಕು. ಆ ಹಳದಿ ಮೈ ಹೊಳೆದು ಬರುವುದನ್ನು ನೋಡುವ ಸುಖಕ್ಕಾಗಿಯೇ ಈ ಕೆಲಸ ಹಿಡಿದವರು ಬಹಳ ಮಂದಿ. ಬೆಳಕಿಗೆ ಅದು ವರ್ಷಗಳಲ್ಲಿ ಕಂದಾಗುತ್ತದೆ. ಮೃದಂಗಕ್ಕೂ ಇದೇ ಮರ.

ಈಗ ತುಕ್ಕು. ಎಣ್ಣೆಬಟ್ಟೆಯಲ್ಲಿ ಸುತ್ತಿ ಮುಚ್ಚಿಟ್ಟದ್ದೇ ಮುಳುವಾಯಿತು. ಸಮುದ್ರದ ಉಪ್ಪು ಗಾಳಿಯ ಜೊತೆ ಬಂದು ಬಟ್ಟೆಯ ಮೇಲೂ ಉಕ್ಕಿನ ಮೇಲೂ ಕೂರುತ್ತದೆ, ಬೆರಳ ಬೆವರಲ್ಲೂ ಉಪ್ಪಿದೆ. ಗಾಳಿಯ ತೇವ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರಾಗುತ್ತದೆ. ಜೂನಿನಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದು ಹಾಗೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಶಿಯಂ ಅಂಶ ಇನ್ನೂ ಕಡಿಮೆ ತೇವದಲ್ಲೇ ನೀರು ಹಿಡಿಯುತ್ತದೆ. ಅಂದರೆ ನಿಮ್ಮ ಉಳಿ ನಾಲ್ಕು ತಿಂಗಳು ತೆಳ್ಳನೆಯ ಉಪ್ಪುನೀರಿನಲ್ಲಿ ಮಲಗಿತ್ತು. ಬಟ್ಟೆ, ಸ್ಪಂಜು, ಚರ್ಮದ ಚೀಲ ಎಲ್ಲವೂ ನೀರು ಹಿಡಿದಿಡುತ್ತವೆ.

ಹಗುರ ತುಕ್ಕಿಗೆ ಬಿಂಬುಳಿಯ ಹುಳಿಕಾಯಿ ಅಡ್ಡ ಕೊಯ್ದು ಉಜ್ಜಿ ನೋಡಿ. ಅದರ ಆಕ್ಸಾಲಿಕ್ ಆಮ್ಲ ತುಕ್ಕನ್ನು ಬಿಡಿಸುತ್ತದೆ. ಗಟ್ಟಿ ತುಕ್ಕಿಗೆ ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ. ಹಿಡಿಯನ್ನು ಹೊರಗಿಟ್ಟು ಉಕ್ಕನ್ನು ಮಾತ್ರ ಎರಡು ಗಂಟೆ ಮುಳುಗಿಸಿ, ಬ್ರಷ್‌ನಿಂದ ತಿಕ್ಕಿ. ರಾತ್ರಿಯಿಡೀ ಬಿಟ್ಟರೆ ಆಮ್ಲ ಒಳ್ಳೆಯ ಉಕ್ಕನ್ನೂ ತಿಂದು ಅಲಗಿನಲ್ಲಿ ಗುಳಿ ಮಾಡುತ್ತದೆ. ತೆಗೆದೊಡನೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒರೆಸಿ, ಬಿಸಿ ಮಾಡಿ, ಕೂಡಲೇ ಎಣ್ಣೆ. ಹತ್ತು ನಿಮಿಷ ತಡವಾದರೂ ಮತ್ತೆ ಕೆಂಪಾಗುತ್ತದೆ.

ತೆಂಗಿನೆಣ್ಣೆ ಹಚ್ಚಿದರೆ ಅಂಟಾಗುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ಅದು ಒಣಗಿ ಪೊರೆಗಟ್ಟದ ಎಣ್ಣೆ. ಪೊರೆಗಟ್ಟುವುದು ಅಗಸೆ ಎಣ್ಣೆ, ಸ್ವಲ್ಪ ಮಟ್ಟಿಗೆ ಎಳ್ಳೆಣ್ಣೆ. ತೆಂಗಿನೆಣ್ಣೆಯ ಕೊರತೆ ಎಂದರೆ ಕೈಗೆ ಬೇಗ ಒರೆಸಿಹೋಗುವುದು. 25 ಗ್ರಾಂ ಜೇನುಮೇಣವನ್ನು 75 ಗ್ರಾಂ ತೆಂಗಿನೆಣ್ಣೆಯಲ್ಲಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಇನ್ನೊಂದು ಪಾತ್ರೆಯಲ್ಲಿ ಕರಗಿಸಿ. ನೇರ ಉರಿಗೆ ಇಡಬೇಡಿ. ಆರಿದ ಮುಲಾಮನ್ನು ಪ್ರತಿ ಸಲ ಕೆಲಸ ಮುಗಿದ ಮೇಲೆ ತೆಳ್ಳಗೆ ಸವರಿ. ಹೊಲಿಗೆ ಯಂತ್ರದ ಎಣ್ಣೆಯೂ ಆಗುತ್ತದೆ. ಸ್ಪ್ರೇ ಡಬ್ಬಿಯ ತೆಳು ಎಣ್ಣೆಗಳಲ್ಲಿ ಹೆಚ್ಚಿನ ಪಾಲು ಆವಿಯಾಗುವ ದ್ರಾವಣ. ಒಂದೆರಡು ವಾರಕ್ಕೆ ಸರಿ, ಮಳೆಗಾಲಕ್ಕೆ ಸಾಲದು.

ಎಲ್ಲಕ್ಕಿಂತ ಫಲ ಕೊಡುವುದು ಬೆಚ್ಚಗಿನ ಕಪಾಟು. 26 ಡಿಗ್ರಿಯ, ಶೇ. 90 ತೇವದ ಗಾಳಿಯನ್ನು ಐದೇ ಡಿಗ್ರಿ ಬಿಸಿ ಮಾಡಿದರೆ ಅದರ ತೇವ ಶೇ. 67ಕ್ಕೆ ಇಳಿಯುತ್ತದೆ. ಸಣ್ಣ ಕಪಾಟಿಗೆ ಹಳೆಯ ಬಗೆಯ 15 ವಾಟಿನ ತಂತಿ ಬಲ್ಬ್ ಒಂದು ಸಾಕು. ಎಲ್‌ಇಡಿಯಲ್ಲಿ ಬೇಕಾದಷ್ಟು ಶಾಖವಿಲ್ಲ. ಹಗಲುರಾತ್ರಿ ಉರಿದರೂ ತಿಂಗಳಿಗೆ ಸುಮಾರು 11 ಯೂನಿಟ್. ಬಲ್ಬ್ ಕೆಳಗಿರಲಿ, ಸುತ್ತ ತಂತಿಬಲೆ ಇರಲಿ, ಮೇಲೆ ಕೆಳಗೆ ಒಂದೊಂದು ಗಾಳಿತೂತು. ಎಣ್ಣೆ ಬಟ್ಟೆ, ಸಿಪ್ಪೆ, ಸ್ಪಿರಿಟ್ ಈ ಕಪಾಟಿನ ಹತ್ತಿರವೂ ಬರಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನಂತೂ ಮುದ್ದೆ ಮಾಡಿ ಎಲ್ಲಿಯೂ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿ.

ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಗೆದ್ದಲಿಗೆಂದು ಪಕ್ಕಾಸಿಗೆ ಬಳಿಯುವುದು ನಮ್ಮಲ್ಲಿ ರೂಢಿ. ಮಾಡಿನ ಮರಕ್ಕೆ ಅದು ಒಳ್ಳೆಯದೇ, ಆದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಮಗು ಕೂತು ಬರೆಯುವ ಮೇಜಿಗೆ ಬೇಡ. ಸ್ಪಿರಿಟ್ ಪಾಲಿಶನ್ನು ಮಳೆ ಹೊಯ್ಯುವ ದಿನ ಹಚ್ಚಬೇಡಿ. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅದರೊಳಗೆ ಸೇರಿ ಬಿಳಿ ಮಬ್ಬು ನಿಲ್ಲುತ್ತದೆ.

ಮರ ಎಲ್ಲಿಂದ ತರುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಂಚಿನ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಅವುಗಳ ಪಕ್ಕಾಸು, ರೀಪು, ದಾರಂದ ಗುಜಿರಿ ಅಂಗಡಿಗೆ ಬರುತ್ತವೆ. ಹಲಸು, ಹೆಬ್ಬಲಸು, ಬೋಗಿ ಮರಗಳು ಸಿಗುತ್ತವೆ. ಬೋಗಿ ಕೈ ಉಪಕರಣಕ್ಕೆ ಬಲು ಗಟ್ಟಿ, ಮೊದಲ ವರ್ಷ ಬೇಡ. ಅಯಸ್ಕಾಂತ ಆಡಿಸಿ ಮುರಿದ ಮೊಳೆ ಹುಡುಕದೆ ಕೀಸುಳಿ ಇಡಬೇಡಿ. ಹೊರ ಅಂಚಿನ ಬಿಳಿ ಮರದಲ್ಲಿ ಸೂಜಿ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಇನ್ನೂ ಜೀವಂತವಿದೆ. ಆ ಭಾಗ ಕೊಯ್ದು ಸುಡಿ.

ಇನ್ನು ಈ ಮಳೆಗಾಲದಲ್ಲಿ ಏನು ಮಾಡುವುದು? ಅಗಲ ಹಲಗೆ ಮುಟ್ಟಬೇಡಿ. ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಸೌಟು ಮಾಡಿ. ಗೆರಟೆ ಮರದ ಹಲಗೆಯಂತೆ ಆಡುವುದಿಲ್ಲ, ಅಂಟು ಬೇಡ, ನಿಮ್ಮಲ್ಲಿರುವ ಸಾಮಾನಿನ ಜೊತೆ ಒಂದು ಡ್ರಿಲ್, ಒಂದು ಅರ, ಒಂದು ಹ್ಯಾಕ್ಸಾ ಬ್ಲೇಡ್ ಇದ್ದರೆ ಸಾಕು. ಚೆನ್ನಾಗಿ ಬಲಿತ ಕಾಯಿಯ, ಕಣ್ಣಿಲ್ಲದ ಅರ್ಧ ತೆಗೆದುಕೊಳ್ಳಿ. ಹೊರಗಿನ ನಾರನ್ನು ಚೂರಿಯ ಬೆನ್ನಿನಿಂದ ಕೆರೆದು, ಬಾಯಂಚನ್ನು ಹ್ಯಾಕ್ಸಾ ಬ್ಲೇಡಿನಿಂದ ಸಮ ಮಾಡಿ ಅರದಿಂದ ಉಜ್ಜಿ. ಆಮೇಲೆ 80, 150, 320 ನಂಬರಿನ ಸ್ಯಾಂಡ್ ಪೇಪರ್. ಅಂಚಿನಿಂದ 12 ಮಿ.ಮೀ. ಕೆಳಗೆ ಒಂದು ತೂತು, ಅದರ ನೇರ ಎದುರು ಬದಿಯಲ್ಲಿ ತುಸು ಕೆಳಗೆ ಇನ್ನೊಂದು. ಹಿಡಿ ಮೇಲಕ್ಕೆ ಓರೆಯಾಗುವುದು ಈ ವ್ಯತ್ಯಾಸದಿಂದ. ಡ್ರಿಲ್ಲನ್ನು ಒತ್ತಬೇಡಿ, ಒಳಬದಿಗೆ ಮರದ ತುಂಡು ಆನಿಸಿ ನಿಧಾನವಾಗಿ ಕೊರೆಯಿರಿ. ಇಲ್ಲವಾದರೆ ಗೆರಟೆ ಸೀಳುತ್ತದೆ. ಹಿಡಿಗೆ ಒಂದಡಿ ಉದ್ದದ, ಒಣಗಿದ ಅಡಿಕೆ ಮರದ ಸಲಕೆ. ಅದರ ಸಿಬಿರು ಕೈಗೆ ಹೊಕ್ಕರೆ ತೆಗೆಯುವುದು ಕಷ್ಟ, ಕೆತ್ತುವಾಗ ದಪ್ಪ ಕೈಗವಸು ಇರಲಿ. ತುದಿಯನ್ನು ಸಣ್ಣಗೆ ಕೆತ್ತುತ್ತಾ ಆಗಾಗ ತೂತಿಗೆ ಇಟ್ಟು ನೋಡಿ. ಎರಡನೆಯ ತೂತಿನಿಂದ ಒಂದು ಬೆರಳಷ್ಟು ಹೊರಬರಬೇಕು, ಮೊದಲನೆಯದರಲ್ಲಿ ಬಿಗಿಯಾಗಿ ಕೂರಬೇಕು. ಹೊರಬಂದ ತುದಿಗೆ ಸಣ್ಣ ತೂತು ಮಾಡಿ ಬಿದಿರಿನ ಕಡ್ಡಿ ಹೊಡೆಯಿರಿ. ಎರಡು ಸಲ ತೆಂಗಿನೆಣ್ಣೆ ಸವರಿ ಒರೆಸಿ. ವಾರ್ನಿಶ್ ಬೇಡ, ಬಿಸಿ ಸಾರಿಗೆ ಹೋಗುವ ವಸ್ತು ಅದು. ತೊಳೆದ ಮೇಲೆ ಒಲೆಯ ಹತ್ತಿರ ತಲೆಕೆಳಗಾಗಿ ತೂಗುಹಾಕಿದರೆ ಬೂಷ್ಟು ಹಿಡಿಯುವುದಿಲ್ಲ.